ಕೂಸಿನ ಕಣ್ಣು ತೀರಾ ದೊಡ್ಡದಿದೆಯಾ? ಮನೆಯಲ್ಲೇ ಹೀಗೆ ನೋಡಿ

ರಾಯಚೂರಿನ ನಮ್ಮ ಓಣಿಯಲ್ಲಿ ಒಂದು ಕೂಸನ್ನು ತೊಟ್ಟಿಲಿಗೆ ಹಾಕುವ ದಿನ ಎಲ್ಲರೂ "ಎಷ್ಟು ಚೆಂದ ದೊಡ್ಡ ಕಣ್ಣವ್ವ" ಅಂದೆವು. ನಾನೂ ಅಂದೆ. ಅದು ಹುಟ್ಟಿನಿಂದ ಬಂದ ಗ್ಲಾಕೋಮಾ ಅಂತ ಗೊತ್ತಾಗುವಷ್ಟರಲ್ಲಿ ಆರು ತಿಂಗಳು ಕಳೆದಿತ್ತು. ಕಣ್ಣೊಳಗಿನ ನೀರು ಹೊರಹೋಗುವ ಜಾಲರಿ ಸರಿಯಾಗಿ ಬೆಳೆಯದಿದ್ದರೆ ಒತ್ತಡ ಏರುತ್ತದೆ, ಕೂಸಿನ ಮೆತ್ತಗಿನ ಕಣ್ಣು ಹಿಗ್ಗುತ್ತದೆ.

ಮೊದಲು, ಹಾಲು ಕುಡಿದು ಸಮಾಧಾನವಾಗಿರುವ ಕೂಸನ್ನು ಕಿಟಕಿ ಪಕ್ಕ ಮಲಗಿಸಿ. ಮೊಬೈಲ್ ಟಾರ್ಚ್ ಬೇಡ.

ಆಮೇಲೆ ಕರಿಗುಡ್ಡೆ ನೋಡಿ. ಹುಟ್ಟಿದಾಗ ಅದರ ಅಗಲ ಸುಮಾರು 10 ಮಿಲಿಮೀಟರ್. ವರ್ಷದೊಳಗೆ 12 ದಾಟಿದರೆ ಅನುಮಾನ ಪಡಬೇಕು. ಅಳೆಯುವುದು ಡಾಕ್ಟರ ಕೆಲಸ, ನೀವು ಹೊಳಪು ನೋಡಿ. ಚೆನ್ನಾಗಿರುವ ಕಣ್ಣಲ್ಲಿ ಕಿಟಕಿಯ ಸರಳುಗಳು ಸ್ಪಷ್ಟವಾಗಿ ಮೂಡುತ್ತವೆ. ಹಬೆ ಬಡಿದ ಕನ್ನಡಿಯಂತೆ ಮಸುಕಾಗಿದ್ದರೆ ಅದೇ ದಿನ ಕಣ್ಣಿನ ಡಾಕ್ಟರ ಹತ್ತಿರ ಹೊರಡಿ.

ಎಲ್ಲರೂ ಎಡವುವುದು ಕಣ್ಣೀರಿನ ವಿಷಯದಲ್ಲಿ. ಕಣ್ಣೀರ ನಾಳ ಕಟ್ಟಿದ್ದರೂ ನೀರು ಸುರಿಯುತ್ತದೆ. ಆಗ ಸಾಮಾನ್ಯವಾಗಿ ಗೀಜು ಅಂಟಿರುತ್ತದೆ, ಆದರೆ ಕೂಸು ಬೆಳಕಿಗೆ ಹೆದರುವುದಿಲ್ಲ. ಗ್ಲಾಕೋಮಾದಲ್ಲಿ ತಿಳಿನೀರು ಬರುತ್ತದೆ, ಬೆಳಕು ಕಂಡರೆ ಕಣ್ಣು ಬಿಗಿಯಾಗಿ ಮುಚ್ಚಿ ತಾಯಿಯ ಹೆಗಲಿಗೆ ಮುಖ ಒತ್ತುತ್ತದೆ. ನಮ್ಮ ಮಧ್ಯಾಹ್ನದ ಬಿಸಿಲಿಗೆ ದೊಡ್ಡವರೇ ಕಣ್ಣು ಬಿಡಲಾರರು. ಹಾಗಾಗಿ ಬೆಳಿಗ್ಗೆ ಏಳಕ್ಕೆ ಪಡಸಾಲೆಯಿಂದ ಅಂಗಳಕ್ಕೆ ಎತ್ತಿಕೊಂಡು ಬನ್ನಿ. ಅಷ್ಟು ಎಳೆಬಿಸಿಲಿಗೂ ಕಣ್ಣು ಬಿಡದಿದ್ದರೆ "ನಾಳೆ ನೋಡೋಣ" ಅನ್ನಬೇಡಿ.

ಹರಳೆಣ್ಣೆ, ಕಾಡಿಗೆ, ಎದೆಹಾಲು ಯಾವುದನ್ನೂ ಕಣ್ಣಿಗೆ ಹಾಕಬೇಡಿ. ಅಂಗಡಿಯಲ್ಲಿ ಸುಮ್ನೆ ಕೇಳಿ ತಂದ ಡ್ರಾಪ್ಸ್ ಇನ್ನೂ ಅಪಾಯ: ಸ್ಟೀರಾಯ್ಡ್ ಇದ್ದರೆ ಅದೇ ಒತ್ತಡ ಏರಿಸಬಹುದು.

ಬಾಣಂತಿ ಏನು ತಿಂದಳು ಅಂತ ಕೆದಕುವುದನ್ನೂ ಬಿಡಿ. ಕಣ್ಣು ಬೆಳೆಯಲು ಕಾರ್ಬೋಹೈಡ್ರೇಟ್ (ಸಕ್ಕರೆ ಜಾತಿಯ ವಸ್ತು) ಬೇಕು ಅಂತ ಎಲ್ಲಾದರೂ ಓದಿದ್ದರೆ, ಅದು ರೊಟ್ಟಿ, ಅನ್ನ ಅಂತಲ್ಲ. ಹೆಪರಾನ್ ಸಲ್ಫೇಟ್ ಎಂಬ ಉದ್ದನೆಯ ಸಕ್ಕರೆ ಸರಪಳಿಯನ್ನು ಜೀವಕೋಶಗಳು ತಾವೇ ಹೆಣೆದುಕೊಳ್ಳುತ್ತವೆ. ಕಣ್ಣು ಕಟ್ಟುವ ಕೋಶಗಳಿಗೆ ಬೆಳವಣಿಗೆಯ ಸಂದೇಶ ಮುಟ್ಟಿಸಲು ಅದು ಬೇಕು. ಇಲಿಗಳ ಆ ಕೋಶಗಳಲ್ಲಿ ಅದು ತಯಾರಾಗದಂತೆ ಮಾಡಿದಾಗ ಕಣ್ಣಿನ ಮುಂಭಾಗವೇ ಕೆಟ್ಟು ಬೆಳೆಯಿತು. ಮನುಷ್ಯರಲ್ಲಿ ಹುಟ್ಟಿನ ಗ್ಲಾಕೋಮಾಕ್ಕೆ ಕಾರಣವಾಗಿ ಜಾಸ್ತಿ ಕಾಣುವುದು ಸಿವೈಪಿ1ಬಿ1 ಎಂಬ ಜೀನ್‌ನ ದೋಷ. ಸಾಮಾನ್ಯವಾಗಿ ಅದು ತಂದೆ, ತಾಯಿ ಇಬ್ಬರಿಂದಲೂ ಬಂದಿರುತ್ತದೆ. ಸೋದರಮಾವನನ್ನೋ ಅತ್ತೆಯ ಮಗನನ್ನೋ ಮದುವೆಯಾದ ಮನೆಗಳಲ್ಲಿ ಇದರ ಸಾಧ್ಯತೆ ಹೆಚ್ಚು.

ರಾಯಚೂರಿನವರು ರಿಮ್ಸ್ ಸರ್ಕಾರಿ ಆಸ್ಪತ್ರೆಗೆ, ಬಳ್ಳಾರಿಯವರು ಬಿಎಂಸಿಆರ್‌ಸಿ (ಹಿಂದಿನ ವಿಮ್ಸ್) ಆಸ್ಪತ್ರೆಗೆ ಹೋಗಿ ಕಣ್ಣಿನ ವಿಭಾಗದಲ್ಲಿ ತೋರಿಸಿ. ಕೂಸಿಗೆ ಮಂಪರು ಬರುವ ಔಷಧಿ ಕೊಟ್ಟು ಕಣ್ಣಿನ ಒತ್ತಡ ನೋಡಬೇಕು ಅಂದರೆ ಒಪ್ಪಿಕೊಳ್ಳಿ. ಇದಕ್ಕೆ ಮುಖ್ಯ ಚಿಕಿತ್ಸೆ ಆಪರೇಷನ್, ಡ್ರಾಪ್ಸ್ ಬರೀ ಜೊತೆಗೆ. ಇಂಥ ಕೂಸಿರುವ ಮನೆಯಲ್ಲಿ ಮುಂದೆ ಇನ್ನೊಂದು ಕೂಸು ಹುಟ್ಟಿದರೆ ಮೊದಲ ವಾರದಲ್ಲೇ ಅದರ ಕಣ್ಣನ್ನೂ ತೋರಿಸಿ.