ಮೆಣಸಿನಕಾಯಿ ಸಸಿಗೆ ಹಾಲಿನ ಕವರೇ ಸಾಕು

ಪುಷ್ಯ ಮಳೆಯಲ್ಲಿ ಹೊರಗೆ ಬೀಜ ಹಾಕಿದರೆ ಏನಾಗುತ್ತದೆ ಅಂತ ಮೂಡಿಗೆರೆ ಕಡೆಯವರಿಗೆ ಹೇಳಬೇಕಿಲ್ಲ. ಕೊಚ್ಚಿಹೋಗುತ್ತದೆ, ಇಲ್ಲವೇ ಕೊಳೆಯುತ್ತದೆ. ಮಳೆ ಬಿಡಲಿ ಅಂತ ಕಾದರೆ ಸಸಿ ತಡವಾಗುತ್ತದೆ. ಅದಕ್ಕೆ ನಾನು ಜುಲೈ ಕೊನೆಗೇ ಮೆಣಸಿನಕಾಯಿ, ಬದನೆ ಬೀಜಗಳನ್ನು ಮನೆಯೊಳಗೆ ಹಾಕಿಬಿಡುತ್ತೇನೆ. ಟೊಮೆಟೊ ಬೇಗ ಬೆಳೆಯುತ್ತದೆ, ಹದಿನೈದು ದಿನ ಬಿಟ್ಟು ಹಾಕಿದರೂ ನಡೆಯುತ್ತದೆ.

ಟ್ರೇ ಕೊಳ್ಳುವುದು ಸುಮ್ನೆ ದಂಡ. ಅರ್ಧ ಲೀಟರ್ ಹಾಲಿನ ಕವರನ್ನು ಬಿಸಿನೀರಲ್ಲಿ ತೊಳೆಯಿರಿ, ಜಿಡ್ಡು ಉಳಿದರೆ ಇರುವೆ ಬರುತ್ತದೆ. ಕೆಳಗಿನ ಎರಡೂ ಮೂಲೆ ಕತ್ತರಿಸಿದರೆ ನೀರು ಇಳಿಯಲು ದಾರಿ ಆಯಿತು. ಮೊಸರಿನ ಕಪ್ಪಿಗಾದರೆ ಗ್ಯಾಸ್ ಮೇಲೆ ಕಾಯಿಸಿದ ದಬ್ಬಳದಿಂದ ತೂತು. ತೆಂಗಿನ ಕರಟದಲ್ಲಿ ಕಣ್ಣಿರುವ ಭಾಗವನ್ನೇ ಆರಿಸಿ, ಕಣ್ಣು ಚುಚ್ಚಿದರೆ ತೂತು ರೆಡಿ. ಮೊಟ್ಟೆ ಚಿಪ್ಪು ಫೋಟೊಗೆ ಚೆಂದ, ಬೇರಿಗೆ ಜಾಗವಿಲ್ಲ. ಪಾತ್ರೆ ಯಾವುದಾದರೂ ಆಗಲಿ, ನೀರು ನಿಲ್ಲಬಾರದು ಅಷ್ಟೆ.

ತೋಟದ ಮಣ್ಣು, ಮರಳು, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ, ಮೂರೂ ಸಮ. ಹಸಿ ಗೊಬ್ಬರ ಬೇಡವೇ ಬೇಡ. ಬೀಜವನ್ನು ಅರ್ಧ ಸೆಂಟಿಮೀಟರ್‌ಗಿಂತ ಆಳಕ್ಕೆ ಹಾಕುವುದಿಲ್ಲ.

ಮಳೆಗಾಲದ ಥಂಡಿಗೆ ಮೆಣಸಿನಕಾಯಿ ಬೀಜ ಏಳುವುದೇ ಇಲ್ಲ. ಅದಕ್ಕೆ ಬೆಚ್ಚಗಿನ ಜಾಗ ಬೇಕು. ನಮ್ಮಲ್ಲಿ ಬಚ್ಚಲ ಹಂಡೆ ಒಲೆ ಇನ್ನೂ ಉರಿಯುತ್ತದೆ, ಒಲೆಯ ಹಿಂದಿನ ಗೋಡೆಕಟ್ಟೆ ಮೇಲೆ ಎಲ್ಲವನ್ನೂ ಸಾಲಾಗಿ ಇಡುತ್ತೇನೆ. ಮೊಳಕೆ ಒಡೆಯುವವರೆಗೆ ಬೆಳಕಿನ ಹಂಗಿಲ್ಲ. ಆದರೆ ಸಸಿ ತಲೆ ಎತ್ತಿದ ದಿನವೇ ಅಲ್ಲಿಂದ ತೆಗೆದು ಜಗಲಿಯ ಕಿಟಕಿಗೆ ತರಬೇಕು. ಒಂದೆರಡು ದಿನ ಕತ್ತಲಲ್ಲಿ ಬಿಟ್ಟರೂ ದಾರದ ಹಾಗೆ ಉದ್ದವಾಗಿ, ಬಿಳಿಚಿಕೊಂಡು ಬಾಗುತ್ತದೆ. ಕಾಫಿ ನರ್ಸರಿ ಕಂಡವರಿಗೆ ಬೀಜದ ಸಿಪ್ಪೆಯನ್ನು ಟೋಪಿಯಂತೆ ಹೊತ್ತು ಬರುವ ಸಸಿ ಗೊತ್ತಲ್ವಾ? ಇಲ್ಲೂ ಕೆಲವು ಹಾಗೆ ಬರುತ್ತವೆ. ಕೀಳಬೇಡಿ. ಒಂದು ಹನಿ ನೀರು ಹಾಕಿ ನೆನೆಯಲು ಬಿಡಿ, ತಾನೇ ಕಳಚಿಕೊಳ್ಳುತ್ತದೆ.

ಈ ಕಾಲದಲ್ಲಿ ಸಸಿ ಸಾಯುವುದು ನೀರಿಲ್ಲದೆ ಅಲ್ಲ, ನೀರು ಜಾಸ್ತಿಯಾಗಿ. ಬುಡ ಕಪ್ಪಾಗಿ ಸೊರಗಿ ಅಡ್ಡ ಮಲಗುತ್ತದೆ. ಅದು ಶಿಲೀಂಧ್ರದ ಕೆಲಸ. ಹಾಗಾದ ಸಸಿಯನ್ನು ಮಣ್ಣು ಸಮೇತ ಎಸೆಯಿರಿ. ನಾನು ಮೇಲಿನಿಂದ ನೀರು ಹಾಕುವುದಿಲ್ಲ. ತಟ್ಟೆಯಲ್ಲಿ ನೀರಿಟ್ಟು ಕವರುಗಳನ್ನು ನಿಲ್ಲಿಸುತ್ತೇನೆ, ಮೇಲ್ಮಣ್ಣಿಗೆ ಪಸೆ ಬಂದೊಡನೆ ಎತ್ತಿಬಿಡುತ್ತೇನೆ. ಸಸಿಗಳು ಒತ್ತಾಗಿದ್ದರೆ ಗಾಳಿಯಾಡದು, ಕವರಿಗೆ ಒಂದೇ ಉಳಿಸಿ ಉಳಿದವನ್ನು ಚಿವುಟಿ.

ಬೀನ್ಸ್, ಸೌತೆಗೆ ಬೇರು ಅಲುಗಾಡಿದರೆ ಆಗದು. ಅವಕ್ಕೆ ಪೇಪರ್ ಸುತ್ತಿದ ಕೊಳವೆ ಸರಿ, ಹಾಗೇ ಹೂಳಬಹುದು. ಮೂಲಂಗಿ, ಕ್ಯಾರೆಟ್‌ಗೆ ಈ ಉಪಚಾರ ಬೇಡ, ನೇರ ಪಾತಿಗೇ ಹಾಕಿ.

ಸೆಪ್ಟೆಂಬರ್ ಹೊತ್ತಿಗೆ ಮಳೆ ಸಡಿಲವಾಗುತ್ತದೆ. ನೆಡುವ ಮುಂಚೆ ಒಂದು ವಾರ ಸಸಿಗಳನ್ನು ದಿನಾ ಸ್ವಲ್ಪ ಹೊತ್ತು ಹೊರಗಿಟ್ಟು ಬಿಸಿಲು, ಗಾಳಿ ರೂಢಿ ಮಾಡಿಸಿ. ಸಂಜೆ ನೆಡಿ. ಬ್ಲೇಡಿನಲ್ಲಿ ಕವರ್ ಸೀಳಿದರೆ ಮಣ್ಣಿನ ಮುದ್ದೆ ಒಡೆಯದೆ ಬರುತ್ತದೆ. ಸಸಿ ಮಿಕ್ಕರೆ ಪಕ್ಕದ ಮನೆಯವರಿಗೆ ಕವರ್ ಸಮೇತ ಕೊಡಬಹುದು.