ಮಳೆಗಾಲದಲ್ಲಿ ಸ್ಟೀರಿಯೋ ಜೋಪಾನ

ಮೋಡ ಕಟ್ಟುತ್ತಿದ್ದಂತೆಯೇ ಸ್ಟೀರಿಯೋದ ಪ್ಲಗ್ ಕಿತ್ತಿಡಿ. ಸ್ವಿಚ್ ಆರಿಸಿದರೆ ಸಾಲದು. ಎಫ್‌ಎಂ ಆಂಟೆನಾ ಮನೆಯ ಹೊರಗಿದ್ದರೆ ಅದರ ವೈರನ್ನೂ ಬಿಚ್ಚಿಡಿ, ಸಿಡಿಲು ಆ ದಾರಿಯಲ್ಲೂ ಬರುತ್ತದೆ. ಗುಡುಗು ಶುರುವಾಗಿಬಿಟ್ಟರೆ ಮಾತ್ರ ಯಾವ ವೈರನ್ನೂ ಮುಟ್ಟಬೇಡಿ. ಮೊದಲೇ ಬಿಚ್ಚಿಡುವುದನ್ನು ಮರೆತು ನಾವು ಒಂದು ಒಳ್ಳೆಯ ಸೆಟ್ ಕಳೆದುಕೊಂಡೆವು, ಈಗಲೂ ಬೇಜಾರು.

ಆಂಪ್ಲಿಫೈಯರ್ (ದನಿ ಹೆಚ್ಚಿಸುವ ಪೆಟ್ಟಿಗೆ) ಮೇಲೆ ಚೆಂದಕ್ಕೆ ಬಟ್ಟೆ ಹೊದಿಸುತ್ತೇವೆ ಅಲ್ವಾ? ಹಾಡು ಹಾಕುವಾಗ ಅದನ್ನು ತೆಗೆಯಿರಿ. ಬಿಸಿ ಹೊರಹೋಗುವುದೇ ಮೇಲಿನ ಕಿಂಡಿಗಳಿಂದ.

ಸ್ಪೀಕರ್ ವೈರ್ ಜೋಡಿಸುವಾಗ ಪವರ್ ಆಫ್ ಇರಲಿ. ಎರಡು ತಂತಿಗಳ ಎಳೆ ಒಂದಕ್ಕೊಂದು ತಾಗಿದರೆ ಆಂಪ್ಲಿಫೈಯರ್ ಸುಟ್ಟುಹೋಗಬಹುದು. ಆಂಪ್ಲಿಫೈಯರ್‌ನ ಹಿಂಬದಿಯಲ್ಲಿ 8 ಓಮ್ (ವಿದ್ಯುತ್ ತಡೆಯ ಅಳತೆ) ಅಂತ ಮಾತ್ರ ಬರೆದಿದ್ದರೆ 4 ಓಮ್ ಸ್ಪೀಕರ್ ಬೇಡ. ಹಾಡಿನ ದನಿ ಒಡೆದಂತೆ ಕೇಳಿಸಿದರೆ ಕೂಡಲೇ ವಾಲ್ಯೂಮ್ ಇಳಿಸಿ. ಜಾಸ್ತಿ ಹೊತ್ತು ಬಿಟ್ಟರೆ ಟ್ವೀಟರ್ (ತಾರಕ ದನಿಯ ಪುಟ್ಟ ಸ್ಪೀಕರ್) ಹೋಗುತ್ತದೆ.