ಉತಾರ ಯಾರ ಹೆಸರಿಗಿತ್ತು? ಓವನ್ ಬುಷ್ ಬದುಕು ಬರೆದ ನನ್ನ ಅನುಭವ

ಮೊದಲ ಕರಡನ್ನು ಅಪ್ಪನಿಗೆ ಫೋನಿನಲ್ಲಿ ಓದಿ ಹೇಳಿದೆ. ಹಾವೇರಿ ಜಿಲ್ಲೆಯ ನಮ್ಮೂರಲ್ಲಿ ಬೆಳಗಿನ ಏಳು ಗಂಟೆ, ಅಮೆರಿಕದ ಪುಲ್‌ಮನ್ ಊರಿನಲ್ಲಿ ನನಗಿನ್ನೂ ಹಿಂದಿನ ದಿನದ ಸಂಜೆ. ಅಮೆರಿಕದ ವಾಷಿಂಗ್ಟನ್ ರಾಜ್ಯದ ಮೊದಲ ಶಾಸನಸಭೆಗೆ 1889ರಲ್ಲಿ ಆರಿಸಿ ಬಂದ ಕಪ್ಪು ಜನಾಂಗದ ರೈತ ವಿಲಿಯಂ ಓವನ್ ಬುಷ್. 1876ರ ಫಿಲಡೆಲ್ಫಿಯಾ ಪ್ರದರ್ಶನದಲ್ಲಿ ಅವರ ಗೋಧಿಗೆ ಬಹುಮಾನ ಬಂದಿತ್ತು. ನಾನು ಗೋಧಿ ತಳಿಯ ಮೇಲೆ ಸಂಶೋಧನೆ ಮಾಡಿದ ವಿಶ್ವವಿದ್ಯಾಲಯವನ್ನು ಕೃಷಿ ಕಾಲೇಜಾಗಿ ಕಟ್ಟುವ ಮಸೂದೆ ತಂದವರೂ ಅವರೇ. ಇಷ್ಟನ್ನೂ ಉಸಿರು ಬಿಡದೆ ಓದಿದೆ. ಅಪ್ಪ ಎಲ್ಲ ಕೇಳಿ, "ಚೊಲೊ ಬರದೀಯವ್ವಾ. ಆದ್ರ ಹೊಲದ ಸುದ್ದೀನ ಇಲ್ಲಲ್ಲ. ಉತಾರ ಯಾರ ಹೆಸರಿಗಿತ್ತು?" ಅಂದ.

ಉತಾರ ಎಂದರೆ ಹೊಲ ಯಾರ ಹೆಸರಿಗಿದೆ ಎಂದು ತೋರಿಸುವ ಪಹಣಿ ಕಾಗದ. ಅಪ್ಪನಿಗೆ ಈ ಪ್ರಶ್ನೆ ಸುಮ್ಮನೆ ಬಂದದ್ದಲ್ಲ. ನಮ್ಮ ನಾಲ್ಕೆಕರೆ ಎರೆ ಹೊಲವನ್ನು ಅಜ್ಜ ವರ್ಷಾನುಗಟ್ಟಲೆ ಕೋರಿಗೆ, ಅಂದರೆ ಗೇಣಿಗೆ, ಮಾಡುತ್ತಿದ್ದ. 1974ರ ಭೂಸುಧಾರಣೆ ತಿದ್ದುಪಡಿ ಬಂದ ಮೇಲೆ ಗೇಣಿದಾರರ ಅರ್ಜಿಯಾದ ಫಾರ್ಮ್ ನಂಬರ್ 7 ತುಂಬಿ, ಭೂನ್ಯಾಯಮಂಡಳಿಯ ಮುಂದೆ ನಿಂತು ತನ್ನ ಹೆಸರಿಗೆ ಮಾಡಿಸಿಕೊಂಡ. ಆ ಉತಾರದ ಪ್ರತಿ ಇವತ್ತಿಗೂ ಟ್ರಂಕಿನ ತಳದಲ್ಲಿ, ಹಳೇ ಧೋತರದ ತುಂಡಿನಲ್ಲಿ ಸುತ್ತಿಟ್ಟಿದೆ. ಅಂಥ ಮನೆಯಲ್ಲಿ ಬೆಳೆದ ನಾನೇ ಒಬ್ಬ ರೈತನ ಬದುಕು ಬರೆಯುವಾಗ ಹೊಲದ ಕಾಗದ ಮರೆತಿದ್ದೆ. ಕನ್ನಡ ಸಂಘದ ರಾಜ್ಯೋತ್ಸವ ಸಂಚಿಕೆಗೆ ಒಂದು ಸನ್ಮಾನಪತ್ರ ಬರೆದಿದ್ದೆನೇ ಹೊರತು ಬದುಕನ್ನಲ್ಲ.

ಇನ್ನೂ ದೊಡ್ಡ ತಪ್ಪೊಂದಿತ್ತು. ಅಲ್ಲಿ ಇಲ್ಲಿ ಓದಿದ್ದನ್ನು ಕೂಡಿಸುವಾಗ ತಂದೆ ಜಾರ್ಜ್ ಬುಷ್ ಮಾಡಿದ್ದನ್ನು ಮಗನಿಗೂ, ಮಗ ಮಾಡಿದ್ದನ್ನು ತಂದೆಗೂ ಅಂಟಿಸಿದ್ದೆ. ತಂದೆ ತೀರಿಕೊಂಡದ್ದು 1863ರಲ್ಲಿ. ರಾಜ್ಯ ಹುಟ್ಟಿದ್ದೇ 1889ರ ನವೆಂಬರ್ 11ಕ್ಕೆ. ತಂದೆ ಶಾಸಕರಾಗುವುದು ಎಲ್ಲಿಂದ ಬಂತು? ಹಾಗಾಗಿ ಒಂದು ದೊಡ್ಡ ಹಾಳೆಯ ಎಡಕ್ಕೆ ಇಸವಿ, ನಡುವೆ ಘಟನೆ, ಬಲಕ್ಕೆ ಆ ವರ್ಷ ಓವನ್‌ಗೆ ಎಷ್ಟು ವಯಸ್ಸು ಎಂದು ಬರೆದುಕೊಂಡೆ. ಇಂಥ ಕೆಲಸಕ್ಕೆ ಕೈಹಾಕುವವರಿಗೆ ನಾನು ಮೊದಲು ಹೇಳುವುದು ಈ ವಯಸ್ಸಿನ ಸಾಲನ್ನೇ. ಓವನ್ ಹುಟ್ಟಿದ್ದು 1832ರಲ್ಲಿ, ಮಿಸೌರಿಯಲ್ಲಿ. ಮನೆಯವರು 1844ರಲ್ಲಿ ಬಂಡಿ ಕಟ್ಟಿಕೊಂಡು ಓರೆಗನ್ ದಾರಿ ಹಿಡಿದಾಗ ಹುಡುಗನಿಗೆ ಹನ್ನೆರಡು ತುಂಬುತ್ತಿತ್ತು. ಹನ್ನೆರಡು ಎಂದು ಬರೆದೊಡನೆ ಚಿತ್ರವೇ ಬದಲಾಯಿತು. ನಮ್ಮ ಕಡೆ ಆ ವಯಸ್ಸಿನ ಹುಡುಗ ಎತ್ತಿನ ಹಗ್ಗ ಹಿಡಿಯುತ್ತಾನೆ, ದೊಡ್ಡವರು ತಗ್ಗಿದ ದನಿಯಲ್ಲಿ ಆಡುವ ಮಾತೂ ಅವನ ಕಿವಿಗೆ ಬೀಳುತ್ತದೆ.

ಆ ಮಾತು ಎಂಥದಿದ್ದೀತು ಎಂಬುದಕ್ಕೆ ಕಾನೂನಿನಲ್ಲೇ ಉತ್ತರವಿದೆ. ಇವರು ದಾರಿಯಲ್ಲಿದ್ದಾಗಲೇ ಓರೆಗನ್‌ನ ತಾತ್ಕಾಲಿಕ ಸರಕಾರ ಗುಲಾಮಗಿರಿ ನಿಷೇಧಿಸುವ ಕಾನೂನಿನಲ್ಲೇ ಕಪ್ಪು ಜನರೂ ಅಲ್ಲಿ ಇರಕೂಡದು ಎಂದು ಸೇರಿಸಿತ್ತು. ಗಂಡಸರಿಗೆ ಎರಡು ವರ್ಷ ಗಡುವು, ಹೆಂಗಸರಿಗೆ ಮೂರು. ಹೋಗದಿದ್ದರೆ 20ರಿಂದ 39 ಛಡಿ ಏಟು. ಏಟಿನ ಮಾತನ್ನು ಆ ವರ್ಷದ ಕೊನೆಗೇ ತೆಗೆದರು, 1845ರಲ್ಲಿ ಆ ಕಾನೂನೇ ರದ್ದಾಯಿತು, ಯಾರ ಮೇಲೂ ಜಾರಿಯಾಗಲಿಲ್ಲ. ಆದರೆ ಜಾರ್ಜ್ ಕಪ್ಪು ಜನಾಂಗದವರು. ಜರ್ಮನ್ ಮೂಲದ ಹೆಂಡತಿ ಇಸಬೆಲ್ಲಾ, ಐದು ಗಂಡುಮಕ್ಕಳು ಜೊತೆಗಿದ್ದರು. ಅವರು ಅಲ್ಲಿ ನಿಲ್ಲಲಿಲ್ಲ. ಮೈಕೆಲ್ ಸಿಮನ್ಸ್ ಮತ್ತು ಉಳಿದ ಜೊತೆಗಾರರೊಂದಿಗೆ ಕೊಲಂಬಿಯಾ ನದಿ ದಾಟಿ ಉತ್ತರಕ್ಕೆ ಹೋಗಿ, 1845ರಲ್ಲಿ ಪ್ಯೂಜೆಟ್ ಸೌಂಡ್ ಕೊಲ್ಲಿಯ ದಕ್ಷಿಣ ತುದಿಯ ಟಮ್‌ವಾಟರ್ ಹತ್ತಿರ ನೆಲೆಯಾದರು. ಅವರು ಉತ್ತ ಬಯಲಿಗೆ ಬುಷ್ ಪ್ರೇರಿ ಎಂದೇ ಹೆಸರಾಯಿತು.

ಅಪ್ಪನ ಪ್ರಶ್ನೆಗೆ ಉತ್ತರ ಹುಡುಕಲು ಶುರು ಮಾಡಿದ್ದು ಇಲ್ಲಿಂದ. 1850ರ ಭೂದಾನ ಕಾಯ್ದೆ ಆಗಲೇ ಬಂದು ನೆಲೆಸಿದ್ದ ಗಂಡಹೆಂಡಿರಿಗೆ 640 ಎಕರೆ, ಒಂಟಿ ಗಂಡಸಿಗೆ 320 ಎಕರೆ ಕೊಡುತ್ತಿತ್ತು. ಅದು ಬಿಳಿಯರಿಗೆ ಮತ್ತು ಬಿಳಿಯ–ಮೂಲನಿವಾಸಿ ಮಿಶ್ರ ಸಂತಾನದವರಿಗೆ ಮಾತ್ರ. ಜಾರ್ಜ್ ಉತ್ತ ಹೊಲ ಜಾರ್ಜ್ ಹೆಸರಿಗಾಗುವಂತಿರಲಿಲ್ಲ. 1852ರಲ್ಲಿ ಧಾನ್ಯಕ್ಕೆ ತತ್ವಾರವಾದಾಗ, ಹೆಚ್ಚು ದುಡ್ಡು ಹಿಡಿದು ಬಂದ ವ್ಯಾಪಾರಿಗಳಿಗೆ ಕೊಡದೆ, ಹೊಸದಾಗಿ ಬಂದ ಕುಟುಂಬಗಳಿಗೆ ಊಟಕ್ಕೂ ಬಿತ್ತಲಿಕ್ಕೂ ಕಾಳು ಕೊಟ್ಟ ಮನುಷ್ಯ ಅವರು. ಹಗೇವು ತೆಗೆದು ಕಾಳು ಅಳೆದುಕೊಟ್ಟವರನ್ನು ಊರು ಮರೆಯುವುದಿಲ್ಲ. 1854ರಲ್ಲಿ, ಇನ್ನೂ ರಾಜ್ಯವಾಗಿರದ ವಾಷಿಂಗ್ಟನ್ ಪ್ರಾಂತ್ಯದ ಮೊದಲ ಶಾಸನಸಭೆ ಕೂಡಿದಾಗ ಬುಷ್ ಅವರ ಜಮೀನು ಅವರ ಹೆಸರಿಗಾಗಲಿ ಎಂದು ಅಮೆರಿಕದ ಸಂಸತ್ತಾದ ಕಾಂಗ್ರೆಸ್ಸಿಗೆ ಮನವಿ ಕಳಿಸಿತು. 1855ರಲ್ಲಿ ಆ ಒಬ್ಬರ ಸಲುವಾಗಿಯೇ ಒಂದು ಕಾಯ್ದೆಯಾಗಿ 640 ಎಕರೆ ಅವರದಾಯಿತು. ಮತ ಹಾಕುವ ಹಕ್ಕು ಮಾತ್ರ ಸಿಗಲಿಲ್ಲ.

ನನ್ನ ಹಾಳೆಯ ಬಲಗಡೆ ಆ ಸಾಲಿನಲ್ಲಿ 22 ಎಂದಿತ್ತು. ಇಪ್ಪತ್ತೆರಡರ ಮಗ. ಶಾಸನಸಭೆ ಎಂದರೆ ಏನು ಎಂಬುದು ಅವನಿಗೆ ಗೊತ್ತಾದದ್ದು ಹೀಗೆ. ಒಂದು ಸಭೆ ಹೊರಗೆ ಹೋಗು ಎಂದಿತ್ತು, ಇನ್ನೊಂದು ಹೊಲ ಉಳಿಸಿಕೊಟ್ಟಿತು. ಮೂವತ್ತನಾಲ್ಕು ವರ್ಷದ ಮೇಲೆ ಎಪ್ಪತ್ತು ಜನರ ಕೆಳಮನೆಯಲ್ಲಿ ಅವನೇ ಹೋಗಿ ಕೂತಾಗ ಅವನ ಜೊತೆ ಈ ಎರಡೂ ಇದ್ದವು ಎಂದೇ ನಾನು ನಂಬುತ್ತೇನೆ. ಇದು ಹೊಳೆದ ರಾತ್ರಿ ಮೊದಲ ಕರಡನ್ನು ಪೂರ್ತಿ ಹರಿದು ಹಾಕಿದೆ.

ಆಮೇಲೆ ಜಾಗ ನೋಡದೆ ಬರೆಯಬಾರದು ಅನ್ನಿಸಿತು. ಪುಲ್‌ಮನ್ ರಾಜ್ಯದ ಪೂರ್ವದ ಅಂಚು, ಟಮ್‌ವಾಟರ್ ಕ್ಯಾಸ್ಕೇಡ್ ಬೆಟ್ಟಗಳ ಆಚೆ. ಕಾರಿನಲ್ಲಿ ಒಂದು ಹಗಲು ಹಿಡಿಯಿತು. ಬುಷ್ ಪ್ರೇರಿಯ ಒಂದು ಭಾಗದಲ್ಲಿ ಈಗ ವಿಮಾನ ನಿಲ್ದಾಣವಿದೆ. ರಸ್ತೆ ಬದಿಯಲ್ಲಿ ಕೂತು ಒಂದು ಹಿಡಿ ಮಣ್ಣು ತೆಗೆದುಕೊಂಡೆ. ಕಪ್ಪಗಿತ್ತು, ಒಂದು ಕ್ಷಣ ನಮ್ಮ ಎರೆ ಮಣ್ಣೇ ಎನ್ನಿಸಿತು. ಮುಷ್ಟಿ ಕಟ್ಟಿದರೆ ಉಂಡೆಯಾಗಲಿಲ್ಲ. ಬೆರಳ ಸಂದಿಯಿಂದ ಉದುರಿ, ಅಂಗೈಯಲ್ಲಿ ದುಂಡನೆಯ ಹರಳು ಉಳಿದವು. ಹಿಮನದಿ ಕರಗಿದಾಗ ಹರಿದು ಬಂದ ಗರಸು ಅದು. ಮಳೆ ಎಷ್ಟು ಬಿದ್ದರೂ ಹಸಿ ನಿಲ್ಲಿಸಿಕೊಳ್ಳುವ ನೆಲವಲ್ಲ. ನಮ್ಮ ಹಿಂಗಾರಿ ಜವೆ ಗೋಧಿ ಎರೆಯೊಳಗಿನ ಹಸಿ ನಂಬಿ ಬೆಳೆಯುತ್ತದೆ, ಈ ನೆಲ ಹಾಗೆ ಕಾಯುವುದಿಲ್ಲ. ಇಂಥದ್ದರಲ್ಲಿ ಬಹುಮಾನದ ಗೋಧಿ ಬೆಳೆಯುವುದಕ್ಕೆ ಎಂಥ ಒಕ್ಕಲುತನ ಬೇಕು ಎಂಬುದು ನನಗೆ ಆ ಹರಳು ನೋಡಿದಾಗ ತಿಳಿಯಿತು.

ಇನ್ನೊಂದು ಸಂಗತಿಯನ್ನೂ ಆ ಮಣ್ಣೇ ಹೇಳಿತು. ಕಾಡು ತುಂಬಿದ ಸೀಮೆಯಲ್ಲಿ ಇಂಥ ಬಯಲು ತಾನಾಗಿ ಉಳಿದದ್ದಲ್ಲ. ಮೂಲನಿವಾಸಿಗಳಾದ ನಿಸ್ಕ್ವಾಲಿ ಮತ್ತು ಸುತ್ತಲಿನ ಜನ ಹುಲ್ಲಿಗೆ ಬೆಂಕಿ ಕೊಟ್ಟು, ಮರ ನುಗ್ಗದಂತೆ ಕಾಯ್ದು, ತಿನ್ನುವ ಕ್ಯಾಮಸ್ ಗಡ್ಡೆ ಬೆಳೆಸಿಕೊಂಡು ಬಂದಿದ್ದ ನೆಲ ಅದು. ಬುಷ್ ಮನೆಯವರಿಗೂ ನಿಸ್ಕ್ವಾಲಿ ಜನರಿಗೂ ಹತ್ತಿರದ ಒಡನಾಟವಿತ್ತು. ಇಲ್ಲಿಗೆ ಬಂದ ಮೇಲೆ ಹುಟ್ಟಿದ ಕೊನೆಯ ಮಗನಿಗೆ ಲೂಯಿಸ್ ನಿಸ್ಕ್ವಾಲಿ ಎಂದೇ ಹೆಸರಿಟ್ಟರು. ಆದರೆ ಜಾರ್ಜ್ ಪರವಾಗಿ ಮನವಿ ಹೋದ ಅದೇ 1854ರ ಡಿಸೆಂಬರ್‌ನಲ್ಲಿ ಈ ಮೂಲನಿವಾಸಿಗಳಿಗೂ ಅಮೆರಿಕದ ಸರಕಾರಕ್ಕೂ ಮೆಡಿಸಿನ್ ಕ್ರೀಕ್ ಒಪ್ಪಂದವಾಯಿತು. ಆ ಜನರ ನೆಲ ಬಹುಪಾಲು ಅವರ ಕೈಬಿಟ್ಟಿತು. ಅಪ್ಪನ ಪ್ರಶ್ನೆಯನ್ನು ಪ್ರಾಮಾಣಿಕವಾಗಿ ಕೇಳಿಕೊಂಡರೆ ಉತ್ತರ 1855ಕ್ಕೆ ನಿಲ್ಲುವುದಿಲ್ಲ, ಅದರ ಹಿಂದಕ್ಕೂ ಹೋಗುತ್ತದೆ. ಇದನ್ನು ಬರೆಯಲು ನನಗೆ ಮೂರು ವಾರ ಬೇಕಾಯಿತು. ಮೆಚ್ಚಿಕೊಂಡ ಮನೆತನದ ಕಥೆಯಲ್ಲಿ ಇದನ್ನು ಎಲ್ಲಿಡಬೇಕು ಎಂಬುದು ಸುಲಭದ ತೀರ್ಮಾನವಲ್ಲ. ಕೊನೆಗೆ ಆ ಒಪ್ಪಂದ, ಜಾರ್ಜ್‌ಗೆ ಹೊಲ ಕೊಟ್ಟ ಕಾಯ್ದೆ, ಈ ಎರಡೂ ಕಾಗದಗಳನ್ನು ಒಂದೇ ಪುಟದಲ್ಲಿ, ಒಂದರ ಕೆಳಗೆ ಒಂದು ಇಟ್ಟೆ.

ಶಾಸಕನಾಗಿ ಓವನ್ ಮಾಡಿದ ಕೆಲಸ ಬರೆಯುವುದು ಇಷ್ಟೆಲ್ಲ ಆದ ಮೇಲೆ ಸಲೀಸಾಯಿತು. 57ನೇ ವಯಸ್ಸಿಗೆ ಸಭೆಗೆ ಹೋದರು. ಕೃಷಿ ಕಾಲೇಜಿನ ಮಸೂದೆ 1890ರ ಮಾರ್ಚ್ 28ರಂದು ಕಾಯ್ದೆಯಾಯಿತು, 1892ರ ಜನವರಿಯಲ್ಲಿ ಪುಲ್‌ಮನ್‌ನಲ್ಲಿ 59 ವಿದ್ಯಾರ್ಥಿಗಳೊಂದಿಗೆ ಬಾಗಿಲು ತೆರೆಯಿತು. ಊಟದ ಮನೆ, ವಸತಿಗೃಹ, ನಾಟಕಶಾಲೆಗಳಲ್ಲಿ ಜನಾಂಗ ನೋಡಿ ಯಾರನ್ನೂ ಹೊರಗಿಡಬಾರದು ಎಂಬ ಶಾಸನವೂ ಅವರಿದ್ದ ಅದೇ ಸಭೆಯಲ್ಲಿ, ಅದೇ 1890ರಲ್ಲಿ ಬಂತು. 1907ರಲ್ಲಿ ತೀರಿಕೊಂಡರು.

ಎರಡನೇ ಕರಡು ಓದಿದಾಗ ಅಪ್ಪ ನಡುವೆ ಒಂದೇ ಸಲ ಬಾಯಿ ಹಾಕಿದ. "ಆ ನಿಸ್ಕ್ವಾಲಿ ಮಂದಿ ಈಗ ಎಲ್ಲಿ ಅದಾರವ್ವಾ?" ಅಲ್ಲೇ ಹತ್ತಿರದಲ್ಲೇ, ಅದೇ ಹೆಸರಿನ ನದಿಯ ದಂಡೆಯಲ್ಲಿ ಇದ್ದಾರೆ ಎಂದೆ. ಅದನ್ನೂ ಬರಿ ಅಂದ, ಸೇರಿಸಿದೆ.

ಸಂಚಿಕೆಯವರು ಜಾಗ ಸಾಲದು, ಒಂದು ಪುಟ ಇಳಿಸಿ ಎಂದರು. ಫಿಲಡೆಲ್ಫಿಯಾದ ಬಹುಮಾನವನ್ನು ಒಂದು ಸಾಲಿಗೆ ತಂದೆ, ಕಾಲೇಜಿನ ಕಟ್ಟಡಗಳ ವರ್ಣನೆ ಪೂರ್ತಿ ತೆಗೆದೆ, ನನ್ನ ಸಂಶೋಧನೆಯ ಮಾತನ್ನೂ ತೆಗೆದೆ. ಎರಡು ಕಾಗದಗಳ ಪುಟ ಇದ್ದಂತೆಯೇ ಅಚ್ಚಾಯಿತು.